ಎಲ್ಲಾ ತರದ ಗಾಳಿ ಕೆಲಸ

ಗಾಡಿಯನ್ನು ಅವರು ಮೊದಲು ಕೇಳುತ್ತಿದ್ದರು, ಆಮೇಲೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಸಲೈನ್ ಏರಿಸುವ ಕೊಳವೆಯ ಒಂದು ಮೊಳದಷ್ಟು ತುಂಡು ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಸುರುಳಿ ಸುತ್ತಿಕೊಂಡಿರುತ್ತಿತ್ತು. ಅದರ ಒಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಗಾಡಿಯ ಹೊಟ್ಟೆಯ ಕೆಳಗೆ ಪೈಪುಗಳ ಗುಂಟ ಒಯ್ಯುತ್ತ, ಕಣ್ಣು ಮುಚ್ಚಿ ಅಂಗಾತ ಮಲಗಿರುತ್ತಿದ್ದರು. ಆಗ ಶೆಡ್ಡಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಗೊತ್ತಿಲ್ಲದೆ ಯಾರಾದರೂ ಬಾಯಿ ತೆರೆದರೆ ಗಾಡಿಯ ಅಡಿಯಿಂದ ದನಿ ಬರುತ್ತಿತ್ತು: “ಯಾರ್ರೀ ಅದು ಉಸ್ರು ಬಿಡಾವ್ರು? ಒಂದೀಟು ತಡಕೊಳ್ರಿ. ಗಾಡಿ ಸೋರಾಕತ್ತೈತೋ ನೀವು ಸೋರಾಕತ್ತೀರೋ ತಿಳೀವಲ್ದು.”

ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೊಟ್ಟೂರಿನಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು, ಕೂಡ್ಲಿಗಿಯ ನಮ್ಮ ಮನೆಯಲ್ಲೂ ಹಾಗೇ ಕರೆಯುತ್ತಿದ್ದೆವು. ಅವರ ಶೆಡ್ಡಿನ ಬೋರ್ಡಿನ ಮೇಲೂ ಹೆಸರಿರಲಿಲ್ಲ. ‘ಇಲ್ಲಿ ಎಲ್ಲಾ ತರದ ಗಾಳಿ ಕೆಲಸ ಮಾಡಲಾಗುವುದು’ ಎಂದಷ್ಟೇ ಬರೆಸಿದ್ದರು. ಲಾರಿಗಳ ಏರ್ ಬ್ರೇಕು, ಪಂಕ್ಚರ್ ಅಂಗಡಿಗಳ ಗಾಳಿ ಟ್ಯಾಂಕು, ಬಸ್ಸಿನ ಬಾಗಿಲು ತೆರೆಯುವ ಗಾಳಿ ಯಂತ್ರ, ಇವೆಲ್ಲ ಆ ಒಂದು ಸಾಲಿನಲ್ಲಿ ಬರುತ್ತಿದ್ದವು.

ನಮ್ಮ ಕಡೆ ದೆವ್ವ ಮೆಟ್ಟಿಕೊಳ್ಳುವುದಕ್ಕೂ ಗಾಳಿ ಎಂದೇ ಅನ್ನುತ್ತಾರೆ. ಒಮ್ಮೆ ಇಟ್ಟಿಗಿ ಊರಿನ ಹೆಂಗಸೊಬ್ಬಳು ಆ ಬೋರ್ಡನ್ನು ಯಾರಿಂದಲೋ ಓದಿಸಿಕೊಂಡು, ಸೊಸೆಯ ಕೈಹಿಡಿದು ಒಳಗೆ ಬಂದಳಂತೆ. ಸೊಸೆ ಹದಿನೈದು ದಿನದಿಂದ ಒಬ್ಬಳೇ ಮಾತಾಡುತ್ತಾಳೆ, ನಿಂತಲ್ಲೇ ನಿಂತುಬಿಡುತ್ತಾಳೆ ಎಂದು ಅತ್ತೆಯ ದೂರು. ನಾನು ಆ ಗಾಳಿಯವನಲ್ಲ ಎಂದು ತಿಳಿಸಿ ಹೇಳುವ ಗೋಜಿಗೆ ಮಿಸ್ತ್ರಿ ಹೋಗಲಿಲ್ಲ. ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದರು. ರಿಪೇರಿಗೆ ಬಂದಿದ್ದ ದೊಡ್ಡ ಕಾರಿನ ಹಿಂಬಾಗಿಲು ತೆಗೆದು ಸೊಸೆಗೆ, “ಕುಂದ್ರವ್ವಾ, ಮೆತ್ತಗೈತಿ” ಎಂದರು. ಅವಳು ಕೂತವಳು ಹಾಗೇ ವಾಲಿ ಮೂರು ತಾಸು ನಿದ್ದೆ ಹೋದಳು. ಕಾರಿನ ಯಜಮಾನ ಬಂದರೂ ಎಬ್ಬಿಸಗೊಡಲಿಲ್ಲ. ಅವಳು ಎದ್ದ ಮೇಲೆ ಅತ್ತೆಗೆ ಹೇಳಿದರಂತೆ: “ಗಾಳಿ ಗೀಳಿ ಏನಿಲ್ಲಬೇ. ಮನ್ಯಾಗ ಕೈಗೂಸು ಐತಲ್ಲ? ರಾತ್ರಿ ಅದನ್ನ ನೀ ಎತ್ಗ್ಯ, ಈಕಿನ್ನ ಮಲಗಾಕ ಬಿಡು. ಎಂಟು ದಿನ ಬಿಟ್ಟು ಬಂದು ತೋರ್ಸು.” ಎಂಟು ದಿನಕ್ಕೆ ಅತ್ತೆ ಒಬ್ಬಳೇ ಬಂದಳು. “ಸೊಸಿ ಚಲೋ ಆದ್ಳಪ್ಪಾ. ಈಗ ನನಗ ಹಿಡದೈತಿ.”

ಈ ಕತೆಯನ್ನು ಅವರು ಎಂದೂ ನಗುತ್ತ ಹೇಳಲಿಲ್ಲ. ಕೆಲಸದ ವರದಿ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು.

ಗಣಿಗಳು ಜೋರಾಗಿದ್ದ ಕಾಲದಲ್ಲಿ ಹೊಸಪೇಟೆ, ಸಂಡೂರಿನ ಕಡೆ ಬಂದಿಳಿದ ವಿದೇಶಿ ಗಾಡಿಗಳ ಮೇಲೆ ಅವರು ಕೆಲಸ ಕಲಿತರು. ಕಲಿತರು ಅಂದರೆ, ಬೆಂಗಳೂರಿನಿಂದ ಬರುತ್ತಿದ್ದ ಇಂಜಿನಿಯರಿಗೆ ಬ್ಯಾಟರಿ ಹಿಡಿದು ನಿಂತರು. “ಬೆಳಕು ಎಲ್ಲಿ ಹಿಡೀಬೇಕು ಅಂತ ತಿಳೀತಂದ್ರ ಅರ್ಧ ಕೆಲ್ಸ ಬಂದಂಗ ಮೇಡಮ್ಮ” ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಆ ಕಾರಣಕ್ಕೆ ಮೇಡಂ, ವಯಸ್ಸಿನಲ್ಲಿ ಚಿಕ್ಕವಳು ಎಂಬ ಕಾರಣಕ್ಕೆ ಅಮ್ಮ, ಎರಡನ್ನೂ ಸೇರಿಸಿ ಮೇಡಮ್ಮ. ಗಣಿಗಳು ನಿಂತ ಮೇಲೆ ಆ ಗಾಡಿಗಳು ತಗಡಿನ ಶೆಡ್ಡುಗಳಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತವು. ಮಿಸ್ತ್ರಿ ಬಿಡುವಾದಾಗ ನೆಂಟರನ್ನು ಮಾತಾಡಿಸಲು ಹೋದ ಹಾಗೆ ಅವನ್ನು ನೋಡಲು ಹೋಗುತ್ತಿದ್ದರು.

ಅವರ ಶೆಡ್ಡಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ಮಧ್ಯಾಹ್ನ ಹನ್ನೆರಡರ ಒಳಗೆ ‘ಆಗಂಗಿಲ್ಲ’ ಎಂಬ ಮಾತನ್ನು ಯಾರೂ ಆಡಬಾರದು. “ಹನ್ನೆರಡರ ಮ್ಯಾಲ ಏನರ ಅನ್ರಿ. ಮುಂಜಾನಿ ಗಾಡಿಗಿ ಕಿವಿ ಇರ್ತಾವು.”

ನಮ್ಮ ಮನೆಗೆ ಅವರು ಬಂದದ್ದು ಅಪ್ಪನ ಕಾರಣಕ್ಕೆ. ಅಪ್ಪ ಹುಣಸೆ ಮರಗಳ ಗುತ್ತಿಗೆ ಹಿಡಿಯುವವನು. ದೀಪಾವಳಿ ಕಳೆದು ಕಾಯಿ ತುಂಬುವ ಹೊತ್ತಿಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಕಡೆಯ ಹಳ್ಳಿಗಳನ್ನು ಸುತ್ತಿ, ಒಂದೊಂದೇ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, ಈ ಮರ ಇಷ್ಟು ಹಣ್ಣು ಕೊಡುತ್ತದೆ ಎಂದು ಅಂದಾಜು ಹೇಳುವುದು ಅವನ ಕಸುಬು. ಆರು ವರ್ಷದ ಹಿಂದೆ ಅಂಥದೊಂದು ಮರದಿಂದ ಬಿದ್ದ. ಬಿದ್ದಾಗ ಕಾಲಿನ ಬೆರಳುಗಳು ಆಡುತ್ತಿದ್ದವು ಎಂದು ಈಗಲೂ ಹೇಳುತ್ತಾನೆ. ನಾಲ್ವರು ಸೇರಿ ಕೈಗಿಬ್ಬರು ಕಾಲಿಗಿಬ್ಬರು ಹಿಡಿದು, ಚೀಲ ಎತ್ತಿದ ಹಾಗೆ ಎತ್ತಿ ಟ್ರಾಕ್ಟರಿಗೆ ಹಾಕಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬೆರಳುಗಳು ಆಡುತ್ತಿರಲಿಲ್ಲ. ಎತ್ತಿದವರು ಒಳ್ಳೆಯವರು, ಅಳುತ್ತಲೇ ಎತ್ತಿದವರು. ಅಂದಿನಿಂದ ಅಪ್ಪ ಯಾರಿಗೂ ತನ್ನನ್ನು ಎತ್ತಗೊಡುವುದಿಲ್ಲ. ಮಂಚದಿಂದ ಗಾಲಿಕುರ್ಚಿಗೆ ಒಂದು ಹಲಗೆ ಹಾಕಿಕೊಂಡು, ತೋಳಿನ ಬಲದಿಂದ ತಾನೇ ಸರಿದುಕೊಳ್ಳುತ್ತಾನೆ. ನಾನು ಕೈ ಚಾಚಿದರೂ “ಮುಟ್ಟಬ್ಯಾಡ” ಎನ್ನುತ್ತಾನೆ.

ಎರಡು ವರ್ಷ ಅಪ್ಪ ಮನೆಯ ಹೊಸಿಲು ದಾಟಲಿಲ್ಲ. ಜೀಪು, ಕಾರು, ಎಲ್ಲವನ್ನೂ ತಂದು ನಿಲ್ಲಿಸಿ ನೋಡಿದೆವು. ಜೀಪಿನ ಆಸನ ಎತ್ತರವಾಗುತ್ತಿತ್ತು. ಕಾರು ಹೊಲದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಆಗ ಮಿಸ್ತ್ರಿ ಅಪ್ಪನನ್ನು ಮಾತಾಡಿಸಲು ಬಂದರು. ಅಪ್ಪನ ಹಳೆಯ ಟೆಂಪೊದ ಬ್ರೇಕುಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ಬಂದವರೆಲ್ಲ ಅಪ್ಪನ ಮುಖ ನೋಡಿ ಮಾತಾಡಿದರೆ ಮಿಸ್ತ್ರಿ ಹಲಗೆಯನ್ನು ನೋಡಿದರು. ಮಂಚದ ಎತ್ತರ, ಕುರ್ಚಿಯ ಎತ್ತರ ಎರಡನ್ನೂ ಗೇಣಿನಿಂದ ಅಳೆದರು. ಅಳೆದವರೇ ಹೊರಟುಹೋದರು. ತಿಂಗಳೊಳಗೆ ಒಂದು ಭಾನುವಾರ ಮನೆಯ ಮುಂದೆ ಹಳೆಯ, ಎತ್ತರದ, ಬಣ್ಣ ಮಾಸಿದ ವಿದೇಶಿ ಗಾಡಿಯೊಂದು ಬಂದು ನಿಂತಿತು. ಕಾಡು, ಬೆಟ್ಟ, ಹಳ್ಳ ಎಲ್ಲ ಹತ್ತಿಳಿಯುವ ಗಾಡಿ. ಯಾವುದೋ ಗಣಿ ಧಣಿಯ ಶೆಡ್ಡಿನಿಂದ ಬಿಡಿಸಿ ತಂದಿದ್ದರು. ಅದಕ್ಕೆ ಸ್ಪ್ರಿಂಗುಗಳಿರಲಿಲ್ಲ. ನಾಲ್ಕೂ ಗಾಲಿಗಳ ಮೇಲೆ ರಬ್ಬರಿನ ಗಾಳಿಚೀಲಗಳಿದ್ದವು. ಮಿಸ್ತ್ರಿ ಒಳಗೆ ಕೈಹಾಕಿ ಒಂದು ಗುಂಡಿ ಒತ್ತಿದರು. ಗಾಡಿ ಉಸ್ಸೆಂದು ಉಸಿರು ಬಿಟ್ಟು, ಮೆಲ್ಲಗೆ ಕುಸಿದು, ಅಪ್ಪನ ಕುರ್ಚಿಯ ಮಟ್ಟಕ್ಕೆ ಬಂದು ನಿಂತಿತು.

“ಗಣಿ ಸಾವ್ಕಾರ್ರಿಗಿ ನಮಸ್ಕಾರ ಮಾಡಿ ಮಾಡಿ ಇದಕ ಮಣಿಯಾದು ರೂಢಿ ಆಗೇತ್ರಿ. ಈಗ ನಿಮಗ ಮಾಡ್ತೈತಿ ನೋಡ್ರಿ” ಎಂದರು ಮಿಸ್ತ್ರಿ.

“ಅವರಿಗಿ ಮಣಿದು ಇದರ ಬಾಳೇವು ಎಲ್ಲಿಗಿ ಬಂತು ನೋಡು” ಎಂದ ಅಪ್ಪ.

“ಅದಕ್ಕ ಹುಣಸಿ ಸಾವ್ಕಾರ್ರ ಮನಿಗಿ ಬಂದೈತ್ರಿ. ಹುಳಿ ತಿಂದ್ರ ಬುದ್ಧಿ ಬರ್ತೈತಿ.”

ಗಾಡಿ ನಿಂತ ಎತ್ತರಕ್ಕೂ ಮಣಿದ ಎತ್ತರಕ್ಕೂ ಇದ್ದ ಅಂತರ ನಾಲ್ಕು ಬೆರಳು. ಅಷ್ಟು ತಗ್ಗಿದರೆ ಅಪ್ಪನ ತೋಳು ಸಾಕಾಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮನೆಯ ಮುಂದೆ ಬೇಕಾದರೆ ಕಟ್ಟೆ ಕಟ್ಟಿಸಬಹುದಿತ್ತು. ಆದರೆ ಗಾಡಿಯೊಳಗೆ ಕೂತು ಹುಣಸೆ ಮರವನ್ನು ಅಳೆಯಲಾಗುವುದಿಲ್ಲ. ಇಳಿದು ಬುಡಕ್ಕೆ ಹೋಗಿ ಮೇಲೆ ನೋಡಬೇಕು, ಮತ್ತೆ ಹತ್ತಬೇಕು. ಮರಕ್ಕೊಂದು ಕಟ್ಟೆ ಕಟ್ಟಿಸಲಾಗದು.

ಆ ದಿನ ಅಪ್ಪ ಹಲಗೆ ಹಾಕಿಕೊಂಡು ಸರಿದು ಗಾಡಿಯಲ್ಲಿ ಕೂತ. ಬೆವರಿದ್ದ. ಮಿಸ್ತ್ರಿ ಆ ಕಡೆ ತಿರುಗಿ ನಿಂತು ಟೈರು ನೋಡುತ್ತಿದ್ದರು. ಅಪ್ಪ ಸರಿಯುವಾಗ ಅವರು ಎಂದೂ ನೋಡಿದ್ದಿಲ್ಲ.

ಗಾಡಿ ಓಡಿಸುವುದನ್ನು ನಾನು ಕಲಿತೆ. ಅದರ ಇಂಗ್ಲಿಷ್ ಕೈಪಿಡಿಯನ್ನು ಭಾನುವಾರಗಳಂದು ಶೆಡ್ಡಿನಲ್ಲಿ ಕೂತು ಮಿಸ್ತ್ರಿಗೆ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಯಿತು. ನಾನು ಕಷ್ಟಪಟ್ಟು ಮಾಡಿದ ಅನುವಾದಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಗಾಳಿ ತುಂಬುವ ಕಂಪ್ರೆಸರ್ ಅವರ ಬಾಯಲ್ಲಿ ದಮ್ಮಿನ ಪೆಟ್ಟಿಗೆ. ಆ ಗಾಳಿಯಲ್ಲಿನ ತೇವವನ್ನು ಹೀರಲು ಹರಳು ತುಂಬಿಟ್ಟ ಡ್ರೈಯರ್ ಒಣಗ್ಸೋ ಡಬ್ಬಿ. ನಾಲ್ಕು ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಅವರಿಗೆ ತೂಬು. “ಕೆರಿ ತೂಬು ಇದ್ದಂಗ. ಯಾರ ಹೊಲಕ್ಕ ಎಷ್ಟು ಬಿಡಬೇಕು ಅಂತ ಇದು ನೋಡ್ಕೊತೈತಿ.” ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಒಂದು ಭಾನುವಾರ ಎರಡು ಪುಟ ಓದಿ, ಮೂರು ತಾಸು ಕೂತು ಎದ್ದು ಬಂದದ್ದೂ ಉಂಟು.

ಮೂರು ವರ್ಷ ಗಾಡಿ ಅಪ್ಪನಿಗೆ ಮಣಿಯಿತು. ಕಳೆದ ದೀಪಾವಳಿಗೆ ಒಂದು ವಾರ ಮೊದಲು, ಬೆಳಿಗ್ಗೆ ಎದ್ದು ನೋಡಿದರೆ ಎಡಗಡೆ ಹಿಂದಿನ ಮೂಲೆ ನೆಲಕ್ಕೆ ಕುಸಿದಿತ್ತು. ಗುಂಡಿ ಒತ್ತಿದರೆ ಕಂಪ್ರೆಸರ್ ಗುರುಗುಟ್ಟಿತು, ಸುಟ್ಟ ವಾಸನೆ ಬಂತು, ನಿಂತುಹೋಯಿತು. ಕೊಟ್ಟೂರಿನ ಅರ್ಧ ತಾಸಿನ ಹಾದಿಯನ್ನು ಎರಡು ತಾಸಿನಲ್ಲಿ ತೆವಳಿಸಿಕೊಂಡು ಹೋದೆ.

ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಗಾಳಿಚೀಲ ಕಿತ್ತೆಸೆದು ಸ್ಪ್ರಿಂಗು ಹಾಕಿಸಿ, ಈ ಹಳೆಯ ಗಾಡಿಗಳಿಗೆ ಎಲ್ಲರೂ ಮಾಡಿಸುವುದು ಅದನ್ನೇ. ಅವ್ವನೂ ಹಾಗೇ ಅಂದಳು. ಮಿಸ್ತ್ರಿ ಒಪ್ಪಲಿಲ್ಲ. “ಸ್ಪ್ರಿಂಗ್ ಹಾಕಿದ ಗಾಡಿ ಕಂಬ ಇದ್ದಂಗ. ಕಂಬಕ್ಕ ಮಣಿ ಅಂದ್ರ ಮಣೀತೈತೇನ್ರಿ?”

ಕಂಪ್ರೆಸರ್ ಬದಲಿಸಿದರಾಯಿತಲ್ಲ ಎಂದು ನಾನು ಫೋನು ತೆಗೆದು ಹುಡುಕತೊಡಗಿದೆ. ಅವರು ತಡೆದರು. “ಸತ್ತಿದ್ದು ಯಾವ್ದು ಅಂತ ಎಲ್ರೂ ಕೇಳ್ತಾರ ಮೇಡಮ್ಮ. ಕೊಂದಿದ್ದು ಯಾವ್ದು ಅಂತ ಒಬ್ರೂ ಕೇಳಂಗಿಲ್ಲ.” ಎಲ್ಲೋ ಸೋರುತ್ತಿದೆ, ಸೋರಿದ್ದನ್ನು ತುಂಬಿ ತುಂಬಿ ಈ ಪೆಟ್ಟಿಗೆ ಸತ್ತಿದೆ, ಸೋರುವುದನ್ನು ಬಿಟ್ಟು ಹೊಸದನ್ನು ಹಾಕಿದರೆ ಅದೂ ಸಾಯುತ್ತದೆ. ಅಂಟುವಾಳದ ಕಾಯಿ ನೆನೆಹಾಕಿ ಕಿವುಚಿ, ನೊರೆಯನ್ನು ಕುಂಚದಿಂದ ಚೀಲಗಳಿಗೆ ಬಳಿದರು. ಶಾಂಪೂ ಇದೆಯಲ್ಲ ಎಂದೆ. “ಅದು ಅವಸರದ ನೊರಿ, ಸುಳ್ಳು ಹೇಳಿ ಒಡೀತೈತಿ. ಇದು ತಡೀತೈತಿ.” ಎಡಗಡೆ ಹಿಂದಿನ ಚೀಲದ ಮಡಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ಒಡೆದು, ಮತ್ತೆ ಎದ್ದಿತು. ಮಿಸ್ತ್ರಿ ಅದನ್ನೇ ನೋಡುತ್ತ, “ಸಿಕ್ಕಿ ನೋಡು” ಎಂದು ಅದಕ್ಕೇ ಹೇಳಿದರು.

ಚೀಲವನ್ನು ಅವರು ಹಳೆಯ ಗಾಡಿಯೊಂದರಿಂದ ಬಿಚ್ಚಿ ತಂದರು. ಕಂಪ್ರೆಸರನ್ನು ನಾನು ತರಿಸಿದೆ. ಬಂದದ್ದು ಬರೀ ಪೆಟ್ಟಿಗೆ. ಒಣಗಿಸುವ ಡಬ್ಬಿ ಹಳೆಯದನ್ನೇ ಹಾಕಬೇಕಿತ್ತು. ಅದನ್ನು ತೆರೆದಾಗ ಒಳಗಿನ ಹರಳುಗಳು ನೆನೆದ ಸಾಬೂದಾಣಿಯ ಹಾಗೆ ತೇವ ಕುಡಿದು ಕೂತಿದ್ದವು. ಹೊಸ ಹರಳು ಬರಲು ಹತ್ತು ದಿನ ಬೇಕು. ಅಷ್ಟರಲ್ಲಿ ತಂಬ್ರಹಳ್ಳಿಯಿಂದ ಮರದ ಯಜಮಾನರು ಎರಡು ಸಲ ಅಪ್ಪನಿಗೆ ಫೋನು ಮಾಡಿದ್ದರು. “ಹತ್ತು ದಿನ ಅಂದ್ರ ನಮ್ ಕಾಯಿ ಬ್ಯಾರೇರ ಕಣ್ಣಾಗ ಹಣ್ಣಾಗಿರ್ತೈತಿ” ಎಂದು ಅಪ್ಪ ಗೊಣಗಿದ.

“ಮೇಡಮ್ಮ, ನೀವು ಕೆಮಿಸ್ಟ್ರಿಯವ್ರು. ಇವನ್ನ ಒಣಗ್ಸಾಕ ಎಷ್ಟು ಕಾವು ಬೇಕು?” ಎಂದು ಮಿಸ್ತ್ರಿ ಕೇಳಿದರು. ನೂರಿಪ್ಪತ್ತು ಡಿಗ್ರಿ, ಒಣ ಶಾಖ, ಎರಡು ತಾಸು ಎಂದೆ. ಒಲೆಯ ಮೇಲೆ ಬಾಣಲೆಯಲ್ಲಿ ಹುರಿದರೆ ಕೆಳಗಿನವು ಸುಟ್ಟು ಮೇಲಿನವು ಹಸಿ ಉಳಿಯುತ್ತವೆ. ಸುತ್ತಲೂ ಸಮನಾದ ಕಾವು ಬೇಕು. ಅವರು ಡಬ್ಬಿ ಎತ್ತಿಕೊಂಡು ಶೆಡ್ಡಿನ ಹಿಂದಿನ ಓಣಿಗೆ ನಡೆದರು. ಅಲ್ಲೊಂದು ಮಂಡಕ್ಕಿ ಭಟ್ಟಿ ಇತ್ತು. ನಾನೂ ಹಿಂದೆ ಹೋದೆ.

ಭಟ್ಟಿಯ ಅಕ್ಕ ದೊಡ್ಡ ಬಾಣಲೆಯ ಕಾದ ಉಸುಕಿನಲ್ಲಿ ಅಕ್ಕಿಯನ್ನು ಅರಳಿಸಿ ಜರಡಿಗೆ ಸುರಿಯುತ್ತಿದ್ದಳು. ಉಸುಕು ಕೆಳಗೆ ಇಳಿದು ಮಂಡಕ್ಕಿ ಮೇಲೆ ಉಳಿಯುತ್ತಿತ್ತು.

“ಏನ್ ಮಿಸ್ತ್ರಿ, ಗಾಡಿ ಮಂಡಕ್ಕಿ ತಿಂತೈತೇನು?”

“ತಿನ್ನಾಂಗಿಲ್ಲಕ್ಕ, ಉಸ್ರಾಡ್ತೈತಿ. ಒಲಿ ತಗ್ಸು, ಉಸುಕು ಹದಕ್ಕ ಬಂದ ಮ್ಯಾಲ ಇವನ್ನ ಎರಡು ತಾಸು ಹೂತಿಡು.”

“ನಂಗೇನು ಕೊಡ್ತಿ?”

“ಗಾಡಿ ಎದ್ರ ನಿನ್ನ ಮೈಲಾರಕ್ಕ ಕರ್ಕೊಂಡು ಹೋಗ್ತೀನಿ.”

“ಏ ಹೋಗ್, ನಿನ್ ಹೆಂಡ್ತಿನ್ನ ಕರ್ಕೊಂಡು ಹೋಗು ಮೊದ್ಲು!”

ಅವಳು ನನ್ನ ಕೈಗೆ ಬಿಸಿ ಮಂಡಕ್ಕಿ ಹಾಕಿದಳು. ತಿಂದೆ. ಉಪ್ಪು ಹದವಾಗಿತ್ತು. ಹಾಗೆಂದು ಅವಳಿಗೆ ಹೇಳಿದೆ ಕೂಡ. “ಹುರಿಯಾಕ ಮೊದ್ಲು ಅಕ್ಕಿನ ಉಪ್ಪುನೀರಾಗ ಕಲಸ್ತೀವಲ್ಲವ್ವಾ, ಅದಕ್ಕ” ಎಂದಳು. ಬಾಣಲೆಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಅದೇ ಉಸುಕಿನಲ್ಲಿ ಮಿಸ್ತ್ರಿ ಹರಳುಗಳನ್ನು ಹೂಳುತ್ತಿದ್ದರು.

ಉಪ್ಪನ್ನೂ ಉಸುಕನ್ನೂ ನಾನು ಕೂಡಿಸಿ ಯೋಚಿಸಲಿಲ್ಲ ಎಂದು ಇಲ್ಲಿ ಬರೆದರೆ ಅದು ಸುಳ್ಳೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಯೋಚಿಸಿದೆ. ಆ ಧೂಳು ಹರಳಿಗೆ ಅಂಟುತ್ತದೆ, ಉಪ್ಪು ತೇವ ಎಳೆಯುತ್ತದೆ, ಲೋಹವನ್ನು ತಿನ್ನುತ್ತದೆ. ಇದು ಮೊದಲ ವರ್ಷದ ಹುಡುಗರಿಗೆ ನಾನು ಹೇಳುವ ಪಾಠ. ಮಿಸ್ತ್ರಿ ಅಷ್ಟು ಖುಷಿಯಲ್ಲಿದ್ದರು, ಅಪ್ಪ ಮರುದಿನವೇ ಹೊರಡಬೇಕೆಂದು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ. ಜರಡಿ ಹಿಡಿದರೆ ಹೋಗುತ್ತದೆ ಎಂದುಕೊಂಡೆ. ಬಾಯಲ್ಲಿ ಮಂಡಕ್ಕಿ ಇತ್ತು. ಸುಮ್ಮನಿದ್ದೆ.

ಸಂಜೆಯೊಳಗೆ ಗಾಡಿ ಎದ್ದು ನಿಂತಿತು. ಮರುದಿನ ತಂಬ್ರಹಳ್ಳಿಗೆ ಹೋದೆವು. ಮಿಸ್ತ್ರಿಯೂ ಬಂದರು. ಅಪ್ಪ ಮರದ ಕೆಳಗೆ ಕುರ್ಚಿಯಲ್ಲಿ ಕೂತು ಮೇಲೆ ನೋಡಿದರೆ, ಮಿಸ್ತ್ರಿ ಅದೇ ನೆರಳಿನಲ್ಲಿ ಗಾಡಿಯ ಕೆಳಗೆ ಕೊಳವೆ ಕಿವಿಗಿಟ್ಟು ಮಲಗಿದರು. ಇಬ್ಬರೂ ಬಹಳ ಹೊತ್ತು ಹಾಗೇ ಇದ್ದರು.

“ಸಾವ್ಕಾರ್ರ, ಮರ ನೋಡಿ ಇಷ್ಟು ಹಣ್ಣು ಅಂತೀರಲ್ಲ. ತಪ್ಪಿದ್ರ?”

“ತಪ್ಪಿದ್ರ ನಂದ ತಪ್ಪು. ಮರದ್ದೇನೈತಿ?”

ಮೂರು ವಾರ ಹೀಗೆ ನಡೆಯಿತು. ಅಪ್ಪನ ಮುಖಕ್ಕೆ ಬಿಸಿಲಿನ ಬಣ್ಣ ಬಂತು.

ನಾಲ್ಕನೆಯ ವಾರ ಮೈಲಾರದ ಹತ್ತಿರದ ಒಂದು ಹೊಲಕ್ಕೆ ಅಪ್ಪ, ನಾನು ಇಬ್ಬರೇ ಹೋಗಿದ್ದೆವು. ಅಪ್ಪ ಇಳಿದು ಮರ ನೋಡಿದ. ಬಿಸಿಲು ಸರಿದ ಹಾಗೆ ನೆರಳು ಸರಿಯಿತೆಂದು ನಾನು ಗಾಡಿಯನ್ನು ಎಬ್ಬಿಸಿ ಹತ್ತು ಮಾರು ಮುಂದೆ ನಿಲ್ಲಿಸಿದೆ. ಮತ್ತೆ ಗುಂಡಿ ಒತ್ತಿದೆ. ಗಾಡಿ ಮಣಿಯಲಿಲ್ಲ. ಒಳಗೆ ಏನೋ ಟಿಕ್ಕೆಂದು ಬಡಿಯುತ್ತಿತ್ತು, ಗಾಳಿ ಹೊರಗೆ ಬರುತ್ತಿರಲಿಲ್ಲ. ಕಂಪ್ರೆಸರ್ ತಾನಾಗಿ ಓಡತೊಡಗಿ ನಿಲ್ಲಲೇ ಇಲ್ಲ. ಕೊನೆಗೆ ಅದೇ ಸುಟ್ಟ ವಾಸನೆ.

ಹೊಲದವರು ಸೇರಿದರು. “ಅದಕ್ಯಾಕ ಚಿಂತಿ ಮಾಡ್ತೀರಿ? ನಾಲ್ಕು ಮಂದಿ ಅದೀವಿ, ಹಿಂಗ ಎತ್ತಿ ಹಂಗ ಕುಂದ್ರಸ್ತೀವಿ.”

“ಅವತ್ತೂ ನಾಲ್ಕು ಮಂದಿನ ಎತ್ತಿದ್ದು” ಎಂದ ಅಪ್ಪ.

ಹನ್ನೊಂದರಿಂದ ನಾಲ್ಕರವರೆಗೆ ಅಪ್ಪ ಮರದ ಕೆಳಗೆ ಕೂತಿದ್ದ. ನೀರು ಕುಡಿಯಲಿಲ್ಲ, ಕುಡಿದರೆ ಮುಂದಿನದಕ್ಕೆ ಏನು ಮಾಡುವುದೆಂದು. ಮಿಸ್ತ್ರಿ ಕೊಟ್ಟೂರಿನಿಂದ ಬೈಕಿನ ಮೇಲೆ ಬಂದರು. ಬಂದವರೇ ಗಾಡಿಯ ಕೆಳಗೆ ತೆವಳಿ, ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ, ಗಾಳಿಯನ್ನು ಕೈಯಿಂದಲೇ ಬಿಟ್ಟರು. ಗಾಡಿ ನೆಲ ಮುಟ್ಟುವಷ್ಟು ಕುಸಿಯಿತು. ಅಪ್ಪ ಸರಿದು ಕೂತ. ಸೈಕಲ್ಲಿನವರು ನಮ್ಮನ್ನು ದಾಟಿ ಮುಂದೆ ಹೋಗುವಷ್ಟು ನಿಧಾನವಾಗಿ ಬಂದು ರಾತ್ರಿ ಕೊಟ್ಟೂರು ಮುಟ್ಟಿದೆವು.

ಶೆಡ್ಡಿನಲ್ಲಿ ಅಪ್ಪ ಗಾಡಿಯಲ್ಲೇ ಕೂತಿದ್ದ. ಮಿಸ್ತ್ರಿ ತೂಬನ್ನು ಬಿಚ್ಚಿದರು. ನಾನು ಬ್ಯಾಟರಿ ಹಿಡಿದಿದ್ದೆ. ವಾಲ್ವುಗಳ ಬಾಯಲ್ಲಿ ಬೂದು ಬಣ್ಣದ ಉಂಡೆಗಟ್ಟಿದ ಪುಡಿ, ಅದರ ಸುತ್ತ ಹಸಿರು ಕಿಲುಬು. ಮಿಸ್ತ್ರಿ ಉಗುರಿನಿಂದ ಒಂದಿಷ್ಟು ಕೆರೆದು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಎದ್ದು ಅಪ್ಪನ ಕಿಟಕಿಯ ಹತ್ತಿರ ಹೋದರು.

“ಸಾವ್ಕಾರ್ರ, ಇದು ನಂದ ತಪ್ಪು. ಭಟ್ಟಿ ಉಸುಕಿನ್ಯಾಗ ಹರಳು ಹಾಕಿದಾವ ನಾನು. ಉಪ್ಪು ಹೊಕ್ಕು ತೂಬು ಕಚ್ಚೇತಿ.”

“ಆಗ್ಲಿ ಬಿಡು. ಬ್ಯಾರೆ ತೂಬು ಹಾಕು” ಎಂದ ಅಪ್ಪ.

ಅವರು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ಬ್ಯಾಟರಿ ಆರಿಸಿ ಬೆಂಚಿನ ಮೇಲಿಟ್ಟೆ.

ಸುಟ್ಟ ಕಂಪ್ರೆಸರಿಗೆ ಬದಲಿ ಸಿಕ್ಕಿತು, ಬೇರೆ ತೂಬು ಸಿಗಲಿಲ್ಲ. ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದರು. ಮಿಸ್ತ್ರಿ ಹೊಸಪೇಟೆಯ ಶೆಡ್ಡುಗಳನ್ನು ಜಾಲಾಡಿದರು. ಬೆಂಗಳೂರಿನ ಗುಜರಿಗಳಿಗೆ ಎರಡು ಸಲ ಹೋಗಿ ಬಂದರು. ಒಂದು ತಂದರು, ಅದು ಸೀಳಿತ್ತು. ಇನ್ನೊಂದು ತಂದರು, ಅದು ನಮ್ಮದಕ್ಕಿಂತ ಕೆಟ್ಟಿತ್ತು. ನಮ್ಮದನ್ನೇ ತೊಳೆದು, ವಾಲ್ವುಗಳು ಕೂರುವ ಜಾಗವನ್ನು ಎಣ್ಣೆಗಲ್ಲಿನ ಮೇಲೆ ದಿನಗಟ್ಟಲೆ ತಿಕ್ಕಿದರು. ಜೋಡಿಸಿದರೆ ಒಂದು ತಾಸು ನಿಲ್ಲುತ್ತಿತ್ತು, ಆಮೇಲೆ ಯಾವುದೋ ಒಂದು ಮೂಲೆ ಕುಸಿಯುತ್ತಿತ್ತು. ಹುಣಸೆ ಹಣ್ಣಾಯಿತು. ಅಪ್ಪ ನೋಡದ ಮರಗಳನ್ನು ಬೇರೆಯವರು ನೋಡಿ ಹಿಡಿದರು.

ಒಂದು ದಿನ ಮಿಸ್ತ್ರಿ ಫೋನು ಮಾಡಿದರು. “ಮೇಡಮ್ಮ, ಆಗಂಗಿಲ್ಲ.” ಗಡಿಯಾರ ನೋಡಿದೆ. ಬೆಳಿಗ್ಗೆ ಒಂಬತ್ತು ಗಂಟೆ.

ಸ್ಪ್ರಿಂಗುಗಳನ್ನು ಅವರೇ ಹಾಕಿದರು. ಬೇರೆಯವರಿಗೆ ಕೊಡಲಿಲ್ಲ. ಬಿಚ್ಚಿದ ಗಾಳಿಚೀಲಗಳನ್ನು ಒರೆಸಿ, ಮಡಿಚಿ, ಗೋಣಿಯಲ್ಲಿ ಸುತ್ತಿ ಗಾಡಿಯ ಹಿಂದೆ ಇಟ್ಟುಕೊಟ್ಟರು, ಏಕೆಂದು ನಾನು ಕೇಳಲಿಲ್ಲ. ಗಾಡಿ ಮನೆಯ ಮುಂದೆ ನೆಟ್ಟಗೆ ಎತ್ತರಕ್ಕೆ ನಿಂತಿತು. ಅವರು ಉದ್ದನೆಯ ಹೊಸ ಹಲಗೆಯೊಂದನ್ನು ನುಣುಪಾಗಿ ತಿಕ್ಕಿಸಿ ತಂದಿದ್ದರು. ಅಪ್ಪ ಒಂದು ಸಲ ಪ್ರಯತ್ನಿಸಿದ. ಅರ್ಧ ದಾರಿ ಏರಿ, ತೋಳು ನಡುಗಿ, ಜಾರಿ ಕುರ್ಚಿಗೆ ಬಂದು ಬಿದ್ದ. ಮಿಸ್ತ್ರಿ ಆಗಲೂ ಆ ಕಡೆ ತಿರುಗಿ ನಿಂತಿದ್ದರು. ಬಿದ್ದ ಸದ್ದಿಗೂ ತಿರುಗಲಿಲ್ಲ.

“ಗಾಡಿ ಚಂದ ಕಾಣ್ತೈತಿ ಮಿಸ್ತ್ರಿ” ಎಂದ ಅಪ್ಪ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಬೇಸಿಗೆಯಲ್ಲಿ ಒಮ್ಮೆ ನಾನೇ ಶೆಡ್ಡಿಗೆ ಹೋದೆ. ಬೋರ್ಡು ಇಳಿಸಿದ್ದರು. ಗಾಳಿಗೆ ಬಿತ್ತೇ ಎಂದರೆ, “ಎಲ್ಲಾ ತರದ್ದು ಅಂತ ಬರ್ಸಿದ್ದೆ. ಸುಳ್ಳು ಯಾಕ ಹೇಳಾದು?” ಎಂದರು. ಲಾರಿಯೊಂದರ ಬ್ರೇಕು ನೋಡುತ್ತಿದ್ದರು. ಕೊಳವೆ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಎರಡು ಮೆಟ್ಟಿಲು ಹತ್ತಿದರೂ ನಿಂತು ಎದೆ ಒತ್ತಿಕೊಳ್ಳುತ್ತಿದ್ದರು. ದವಾಖಾನೆಗೆ ತೋರಿಸಿ ಎಂದೆ. ತಲೆ ಆಡಿಸಿದರು. ಆಮೇಲೆ ಕೇಳಿದರು:

“ಸಾವ್ಕಾರ್ರು ಹೊರಗ ಬರ್ತಾರೇನು?”

“ಇಲ್ಲ.”

ಅವರು ಮತ್ತೆ ಲಾರಿಯ ಕಡೆ ಬಗ್ಗಿದರು. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮಂಡಕ್ಕಿಯ ಮಾತು ಹೇಳಬೇಕೆಂದೇ ಆ ದಿನ ಹೋಗಿದ್ದೆ. ಚಹಾ ಕುಡಿದು ಬಂದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗಲೇ ಕುಸಿದರಂತೆ. ಸುದ್ದಿ ನಮಗೆ ಹತ್ತು ಗಂಟೆಗೆ ಮುಟ್ಟಿತು. ನಾನು ಹೋಗಿ ಬರುತ್ತೇನೆ ಎಂದೆ. ಅಪ್ಪ ಕಿಟಕಿಯಿಂದ ಗಾಡಿಯನ್ನು ನೋಡುತ್ತಿದ್ದ.

“ನಾನೂ ಬರ್ತೀನಿ.”

“ಹೆಂಗ?”

“ಮಂದಿನ್ನ ಕರಿ.”

ಬೀದಿಯ ನಾಲ್ವರು ಬಂದರು. ಹೇಗೆ ಹಿಡಿಯಬೇಕು, ಎಲ್ಲಿ ಕೈಕೊಡಬೇಕು ಎಂದು ಅಪ್ಪನೇ ಒಬ್ಬೊಬ್ಬರಿಗೂ ಹೇಳಿದ. ಆಮೇಲೆ ಕಣ್ಣು ಮುಚ್ಚಿ, “ಎತ್ರಿ” ಎಂದ.

ಕೊಟ್ಟೂರಿನಲ್ಲಿ ಬೇರೆ ನಾಲ್ವರು ಇಳಿಸಿದರು. ನಮ್ಮವರ ಪದ್ಧತಿಯಂತೆ ಮಿಸ್ತ್ರಿಯನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಮಾಲೆ, ವಾಲದಂತೆ ಬೆನ್ನಿಗೆ ಹಲಗೆ ಕಟ್ಟಿದ್ದರು. ಅಪ್ಪನ ಕುರ್ಚಿಯನ್ನು ಅವರೆದುರಿಗೆ ತಂದು ನಿಲ್ಲಿಸಿದೆ. ಅವರ ಹೆಂಡತಿ ತಲೆಯೆತ್ತಿ ನೋಡಿ, ನಮ್ಮ ಹಿಂದೆ ಬಾಗಿಲಾಚೆ ನಿಂತಿದ್ದ ಎತ್ತರದ ಗಾಡಿಯನ್ನು ನೋಡಿ, “ಹೆಂಗ ಬಂದ್ರಿ ಯಣ್ಣಾ?” ಎಂದರು.

“ಎತ್ಗ್ಯಂಡು ಬಂದ್ರವ್ವಾ.”

ಆ ಮಾತಿಗೆ ಅವರು ಸೆರಗು ಬಾಯಿಗೊತ್ತಿಕೊಂಡರು. ಅಲ್ಲಿದ್ದ ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ.

ಮಣ್ಣು ಹಾಕಿ ಮರಳುವಾಗ ಹಾದಿಯಲ್ಲಿ ಅಪ್ಪನಿಗೆ ಹೇಳಿದೆ. ಭಟ್ಟಿಯಲ್ಲಿ ಮಂಡಕ್ಕಿ ತಿಂದದ್ದು, ಉಪ್ಪು ನಾಲಿಗೆಗೆ ತಿಳಿದದ್ದು, ಅದೇ ಉಸುಕಿನಲ್ಲಿ ಹರಳು ಹೂಳುವುದನ್ನು ನೋಡುತ್ತ ನಿಂತದ್ದು. ಕಣ್ಣನ್ನು ರಸ್ತೆಯ ಮೇಲಿಟ್ಟೇ ಹೇಳಿದೆ. ಒಂದು ಊರು ದಾಟಿದ ಮೇಲೆ ಅಪ್ಪ ಕೇಳಿದ:

“ಇದನ್ನ ಅವ್ನಿಗಿ ಹೇಳಿದ್ಯೇನು?”

“ಇಲ್ಲ.”

ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಬೆಳಿಗ್ಗೆ ಎತ್ತಿದವರು ಹೊಲಕ್ಕೆ ಹೋಗಿದ್ದರು, ಹೊತ್ತು ಮುಳುಗುವ ಮೊದಲು ಬರುವುದಿಲ್ಲ ಎಂದು ಅವ್ವ ಬಾಗಿಲಿನಿಂದ ಹೇಳಿದಳು. ಅಪ್ಪ ಆಗಲೆಂದು ಕೈ ಮಾಡಿದ. ಇಂಜಿನ್ ಆರಿಸಿದೆ. ಗಾಡಿ ನಿಂತ ಎತ್ತರದಲ್ಲೇ ನಿಂತಿತ್ತು. ಎತ್ತುವವರು ಬರುವವರೆಗೆ ನಾವಿಬ್ಬರೂ ಒಳಗೇ ಕೂತಿದ್ದೆವು.